ಅರಳುಮರಳು ಅಂತ ಕೈಬಿಡಬೇಡಿ
(ಮೆದುಳಿನ ಸುದ್ದಿಗಾರರು ಮತ್ತು ವಯಸ್ಸಾದವರ ಮರೆವು, ನಡುಕ ರೋಗಗಳ ಬಗ್ಗೆ ಮಲ್ಲಿಪಟ್ಟಣದ ಸ್ವ-ಸಹಾಯ ಸಂಘಗಳ ಸದಸ್ಯೆಯರೊಂದಿಗೆ ಹಂಚಿಕೊಂಡ ಮಾತುಗಳು)



ಉಳಿತಾಯ, ಸಾಲ, ಬಡ್ಡಿ, ಪುಸ್ತಕ ನಿರ್ವಹಣೆ ಇವುಗಳ ಬಗ್ಗೆ ನಾವು ಪ್ರತಿ ತಿಂಗಳು ಮಾತಾಡುತ್ತಲೇ ಇರುತ್ತೇವೆ. ಇವತ್ತು ಅದನ್ನೆಲ್ಲ ಬದಿಗಿಟ್ಟು, ನಮ್ಮ ಮನೆಯ ಹಿರಿಯರ ಬಗ್ಗೆ ಮಾತಾಡೋಣ. ನಾವೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇವೆ.

ನಾವು ಹೋಗಿಬರುವ ಒಂದು ಸಂಘದಲ್ಲಿ ಒಬ್ಬ ಹಿರಿಯಜ್ಜಿ ಇದ್ದಾರೆ. ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಅಕ್ಷರ ಬಾರದು, ಆದರೆ ಹದಿನೈದು ಜನರ ಸಾಲದ ಕಂತು ಬಾಯಲ್ಲೇ ಹೇಳುತ್ತಿದ್ದರು. ಪುಸ್ತಕ ಬರೆಯುವವರು ತಪ್ಪಿದರೆ ಅಜ್ಜಿ ತಿದ್ದುತ್ತಿದ್ದರು. ಒಂದು ವಾರ ಅವರು ಉಳಿತಾಯದ ಹಣ ಕಟ್ಟಲಿಲ್ಲ. ಕೇಳಿದರೆ, "ಆಗ್ಲೇ ಕೊಟ್ಟಿವ್ನಿ ಕಣ್ರವ್ವ, ಸುಳ್ಳು ಹೇಳೋ ವಯಸ್ಸಾ ನಂದು?" ಅಂದರು. ಮುಂದಿನ ವಾರವೂ ಅದೇ ಮಾತು. ಮೂರನೇ ವಾರ ಜಗಳ ಆಯಿತು. ನಿಯಮ ಎಲ್ಲರಿಗೂ ಒಂದೇ ಅಂತ ಹತ್ತು ರೂಪಾಯಿ ದಂಡ ಹಾಕಿ ನಿರ್ಣಯ ಬರೆದರು. ನಾವೂ ಅಲ್ಲೇ ಕೂತಿದ್ದೆವು, ಸರಿ ಅಂತ ತಲೆಯಾಡಿಸಿದೆವು. ಅಜ್ಜಿ ಅಳುತ್ತಾ ಎದ್ದು ಹೋದರು.

ಕೆಲವು ತಿಂಗಳಾದ ಮೇಲೆ ಅವರು ಅರಕಲಗೂಡು ಸಂತೆಗೆ ಹೋದವರು ವಾಪಸ್ ಬರುವ ದಾರಿ ತಿಳಿಯದೆ ರಾತ್ರಿವರೆಗೂ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದರು. ನಲವತ್ತು ವರ್ಷ ಓಡಾಡಿದ ದಾರಿ ಅದು! ಆಗ ನಮಗೆ ಹೊಳೆಯಿತು. ಅಜ್ಜಿ ಸುಳ್ಳು ಹೇಳಿರಲಿಲ್ಲ, ಅವರಿಗೆ ಕಾಯಿಲೆ ಬಂದಿತ್ತು. ಕಾಯಿಲೆ ಬಂದವರಿಗೆ ನಾವು ದಂಡ ಹಾಕಿದ್ದೆವು.

ಈ ಕಾಯಿಲೆ ಏನು, ಮೆದುಳಿನ ಒಳಗೆ ಏನು ಕೆಡುತ್ತದೆ, ನಾವು ಏನು ಮಾಡಬಹುದು ಅನ್ನೋದನ್ನು ಇವತ್ತು ಸರಳವಾಗಿ ತಿಳಿದುಕೊಳ್ಳೋಣ.

ಮನೆ, ಓಣಿ ಮತ್ತು ಸುದ್ದಿಗಾರ

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ನರಕೋಶವನ್ನೂ ಒಂದೊಂದು ಮನೆ ಅಂತ ತಿಳಿಯಿರಿ. ಮನೆ ಮನೆಗೆ ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಓಣಿ ಇದೆ. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಹೋಗಬೇಕಾದರೆ ಈ ಓಣಿ ದಾಟಬೇಕು.

ಸಂಘದ ಸಭೆ ಇದೆ ಅಂದರೆ ನೀವು ಏನು ಮಾಡುತ್ತೀರಿ? ಒಬ್ಬರು ಹೋಗಿ ಬಾಗಿಲು ತಟ್ಟಿ, "ಅಕ್ಕಾ, ಸಂಜೆ ಸಭೆ ಐತೆ" ಅಂತ ಹೇಳಿ ಬರುತ್ತೀರಿ. ಮೆದುಳಿನಲ್ಲೂ ಹಾಗೆಯೇ. ಒಂದು ನರಕೋಶ ಸ್ವಲ್ಪ ರಾಸಾಯನಿಕ ವಸ್ತುವನ್ನು ಓಣಿಗೆ ಬಿಡುತ್ತದೆ. ಅದು ಆಚೆ ಮನೆಯ ಬಾಗಿಲಿಗೆ ಹೋಗಿ, ಬೀಗಕ್ಕೆ ಕೀ ಕೂತ ಹಾಗೆ ಕೂರುತ್ತದೆ. ಬಾಗಿಲು ತೆರೆಯುತ್ತದೆ, ಸುದ್ದಿ ಮುಟ್ಟುತ್ತದೆ. ಈ ವಸ್ತುಗಳನ್ನು ನಾವು ಸುದ್ದಿಗಾರರು ಅನ್ನೋಣ. ನೆನಪಿಗೆ ಬೇಕಾದ ಒಬ್ಬ ಮುಖ್ಯ ಸುದ್ದಿಗಾರನ ಹೆಸರು ಅಸಿಟೈಲ್‌ಕೋಲಿನ್. ಕೈಕಾಲು ಸರಾಗವಾಗಿ ಆಡಲು ಬೇಕಾದವನು ಡೋಪಮಿನ್. ಹೆಸರು ನೆನಪಿಡಬೇಕಾಗಿಲ್ಲ, ಕೆಲಸ ನೆನಪಿಟ್ಟರೆ ಸಾಕು.

ಸುದ್ದಿ ಬಾಗಿಲಿಗೆ ಬಂದರೆ ಮುಗಿಯಿತೇ? ಇಲ್ಲ. ಬಾಗಿಲಲ್ಲಿ ಕೇಳಿಸಿಕೊಂಡವರು ಅಡುಗೆಮನೆಯಲ್ಲಿದ್ದವರಿಗೆ ಕೂಗಿ ಹೇಳಬೇಕು. ಹಾಗೆಯೇ ನರಕೋಶದ ಒಳಗೂ ಎರಡನೇ ಸುದ್ದಿಗಾರರು ಇದ್ದಾರೆ. ಕ್ಯಾಲ್ಸಿಯಂ ಅವರಲ್ಲಿ ಒಬ್ಬ. ಒಂದೇ ಸುದ್ದಿ ಮತ್ತೆ ಮತ್ತೆ ಬಂದರೆ ಈ ಒಳಗಿನ ಸುದ್ದಿಗಾರರು ಕೋಶಕ್ಕೆ ಹೇಳಿ ಆ ಮನೆಗಳ ನಡುವಿನ ಸಂಪರ್ಕವನ್ನು ಗಟ್ಟಿ ಮಾಡಿಸುತ್ತಾರೆ. ನೆನಪು ಅಂದರೆ ಅದೇ. ಮಗ್ಗಿಯನ್ನು ಹತ್ತು ಸಲ ಹೇಳಿದರೆ ಬಾಯಿಗೆ ಬರುವುದು ಅದಕ್ಕೇ.

ಕೆಲಸ ಮುಗಿದ ಮೇಲೆ ಸುದ್ದಿಗಾರ ಅಲ್ಲೇ ನಿಂತು ಬಾಗಿಲು ಬಡಿಯುತ್ತಾ ಇರಬಾರದು. ಅದಕ್ಕೆ ಓಣಿ ಗುಡಿಸುವ ಕಿಣ್ವಗಳೂ ಇವೆ.

ಇದು ತಿಳಿದದ್ದು ಹೇಗೆ?

1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿಟ್ಟರು. ಒಂದು ಹೃದಯದ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ನೀರನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು! ಅಂದರೆ ನರದಿಂದ ಏನೋ ವಸ್ತು ನೀರಿಗೆ ಬಂದಿತ್ತು. ಆ ವಸ್ತುವೇ ಅಸಿಟೈಲ್‌ಕೋಲಿನ್. ಈ ಕೆಲಸಕ್ಕೆ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ 1936ರಲ್ಲಿ ನೊಬೆಲ್ ಬಹುಮಾನ ಬಂತು. ಡೋಪಮಿನ್ ಬಗ್ಗೆ, ಕೋಶದ ಒಳಗಿನ ಸುದ್ದಿಗಾರರ ಬಗ್ಗೆ, ನೆನಪು ಹೇಗೆ ಉಳಿಯುತ್ತದೆ ಎಂಬ ಬಗ್ಗೆ ಕೆಲಸ ಮಾಡಿದ ಕಾರ್ಲ್‌ಸನ್, ಗ್ರೀನ್‌ಗಾರ್ಡ್, ಕ್ಯಾಂಡೆಲ್ ಎಂಬ ಮೂವರಿಗೆ 2000ನೇ ಇಸವಿಯಲ್ಲಿ ನೊಬೆಲ್ ಸಿಕ್ಕಿತು.

ಮರೆವಿನ ಕಾಯಿಲೆಯಲ್ಲಿ ಏನಾಗುತ್ತದೆ?

ಮರೆವಿನ ಕಾಯಿಲೆಗಳಿಗೆಲ್ಲ ಸೇರಿ ಡಿಮೆನ್ಷಿಯಾ ಅನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಆಲ್‌ಝೈಮರ್ ಕಾಯಿಲೆ. 1906ರಲ್ಲಿ ಜರ್ಮನಿಯ ವೈದ್ಯ ಆಲ್‌ಝೈಮರ್, ಮರೆವಿನಿಂದ ನರಳಿ ತೀರಿಹೋದ ಒಬ್ಬ ಹೆಂಗಸಿನ ಮೆದುಳಿನಲ್ಲಿ ತಾವು ಕಂಡದ್ದನ್ನು ಮೊದಲು ವಿವರಿಸಿದರು. ನರಕೋಶಗಳ ಹೊರಗೆ ಒಂದು ಥರದ ಕಸದ ಗುಡ್ಡೆ, ಒಳಗೆ ಸಿಕ್ಕುಬಿದ್ದ ದಾರದಂಥ ಗಂಟುಗಳು. ಹೊರಗಿನ ಕಸಕ್ಕೆ ಅಮಿಲಾಯ್ಡ್ ಎಂದೂ ಒಳಗಿನ ಗಂಟಿಗೆ ಟಾವ್ ಎಂದೂ ಈಗ ಹೆಸರಿದೆ.

ಓಣಿಯಲ್ಲಿ ಕಸ ತುಂಬಿದರೆ ಸುದ್ದಿಗಾರ ದಾಟುವುದು ಕಷ್ಟ. ಸುದ್ದಿಗಾರರನ್ನು ಕಳಿಸುವ ಮನೆಗಳೇ ಬಿದ್ದುಹೋದರೆ ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತದೆ. ಇನ್ನೊಂದು ಕಡೆ ಗ್ಲುಟಮೇಟ್ ಎಂಬ ಸುದ್ದಿಗಾರ ಅತಿಯಾಗಿ ಬಾಗಿಲು ತಟ್ಟುತ್ತಾನೆ. ಬಾಗಿಲು ಮುಚ್ಚದೇ ಇದ್ದಾಗ ಕ್ಯಾಲ್ಸಿಯಂ ಮಿತಿಮೀರಿ ಒಳನುಗ್ಗಿ ಕೋಶ ಸಾಯುತ್ತದೆ. ಹೇಮಾವತಿ ನಾಲೆಯ ನೀರು ಹದವಾಗಿ ಬಂದರೆ ಬೆಳೆ, ತೂಬು ಮುಚ್ಚದೇ ಹೋದರೆ ಗದ್ದೆಯೇ ಕೊಚ್ಚಿಹೋಗುವುದಿಲ್ಲವೇ, ಹಾಗೆ. ಆದರೆ ಒಂದು ಮಾತು: ಇದು ಕೋಶದ ಒಳಗಿನ ಲೆಕ್ಕಾಚಾರ. ರಾಗಿ ತಿಂದರೆ, ಡಾಕ್ಟರು ಕೊಟ್ಟ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮರೆವು ಬರುತ್ತದೆ ಅಂತ ಯಾರೂ ತಿಳಿಯಬೇಡಿ.

ಹೊಸ ಸುದ್ದಿ ಮೊದಲು ಕಳೆಯುತ್ತದೆ, ಹಳೆಯದು ಉಳಿಯುತ್ತದೆ. ಅದಕ್ಕೇ ಅಜ್ಜಿಗೆ ತನ್ನ ಮದುವೆಯ ಸೀರೆ ಬಣ್ಣ ನೆನಪಿದೆ, ಬೆಳಿಗ್ಗೆ ತಿಂದದ್ದು ನೆನಪಿಲ್ಲ. "ಬೇಕಾದ್ದೆಲ್ಲ ನೆನಪಿರುತ್ತೆ, ನಾಟಕ ಆಡ್ತಾಳೆ" ಅಂತ ನಾವು ಅನ್ನುವುದು ಇದು ತಿಳಿಯದೆ.

ನಡುಕದ ಕಾಯಿಲೆ

ಇನ್ನೊಂದು ಪಾರ್ಕಿನ್ಸನ್ ಕಾಯಿಲೆ. ಹಳ್ಳಿಯಲ್ಲಿ ನಡುಕರೋಗ ಅನ್ನುತ್ತೇವೆ, ಆಯುರ್ವೇದದವರು ಕಂಪವಾತ ಅನ್ನುತ್ತಾರೆ. ಮೆದುಳಿನ ಬುಡದ ಒಂದು ಕಪ್ಪು ಭಾಗದಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತಾ ಬರುತ್ತವೆ. ಕೈ ನಡುಗುವುದು, ನಡೆ ನಿಧಾನವಾಗುವುದು, ಮೈ ಬಿಗಿಯುವುದು, ಮುಖದಲ್ಲಿ ಭಾವನೆ ಕಾಣದಿರುವುದು ಇದರ ಗುರುತು. ಈ ಗುರುತು ಕಾಣುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಹೋಗಿಬಿಟ್ಟಿರುತ್ತದೆ. "ಮಾವನಿಗೆ ಸೊಕ್ಕು, ಮುಖ ಗಂಟಿಕ್ಕಿಕೊಂಡೇ ಇರ್ತಾರೆ" ಅಂತ ಒಬ್ಬ ಸೊಸೆ ನಮ್ಮ ಹತ್ತಿರ ದೂರಿದ್ದರು. ಅದು ಸೊಕ್ಕಾಗಿರಲಿಲ್ಲ. ನಗು ಅನ್ನೋ ಸುದ್ದಿ ಮುಖಕ್ಕೆ ಮುಟ್ಟುತ್ತಿರಲಿಲ್ಲ.

ಔಷಧಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ಓಣಿ ಗುಡಿಸುವ ಕಿಣ್ವವನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ಇರುವ ಸುದ್ದಿಗಾರ ಇನ್ನಷ್ಟು ಹೊತ್ತು ಉಳಿದು ಕೆಲಸ ಮಾಡುತ್ತಾನೆ. ಮೆಮಾಂಟಿನ್ ಎಂಬ ಮಾತ್ರೆ ಗ್ಲುಟಮೇಟ್ ತಟ್ಟುವ ಬಾಗಿಲನ್ನು ಅರೆ ಮುಚ್ಚಿ ಕ್ಯಾಲ್ಸಿಯಂ ಮಿತಿಮೀರದಂತೆ ನೋಡಿಕೊಳ್ಳುತ್ತದೆ. ಪಾರ್ಕಿನ್ಸನ್‌ಗೆ ಲೆವೊಡೋಪಾ ಇದೆ. ಡೋಪಮಿನ್ ರಕ್ತದಿಂದ ಮೆದುಳಿಗೆ ನೇರವಾಗಿ ಹೋಗಲಾರದು, ಲೆವೊಡೋಪಾ ಒಳಗೆ ಹೋಗಿ ಅಲ್ಲಿ ಡೋಪಮಿನ್ ಆಗುತ್ತದೆ. ನಮ್ಮ ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ತುರಿಸುವ ನಸಗುನ್ನಿ ಕಾಯಿ ಗೊತ್ತಲ್ಲ, ಅದರ ಬೀಜದಲ್ಲೂ ಲೆವೊಡೋಪಾ ಇದೆ. ಹಾಗಂತ ಮನೆಯಲ್ಲೇ ಅರೆದು ಕುಡಿಸಬೇಡಿ. ಬೀಜದಲ್ಲಿ ಎಷ್ಟಿದೆ ಅಂತ ಅಳತೆ ಸಿಗುವುದಿಲ್ಲ. ಹೆಚ್ಚಾದರೆ ವಾಂತಿ, ರಕ್ತದೊತ್ತಡ ಇಳಿಯುವುದು, ಇಲ್ಲದ್ದು ಕಾಣುವುದು ಆಗಬಹುದು.

ಒಂದು ಸತ್ಯ ಹೇಳಲೇಬೇಕು. ಈ ಮಾತ್ರೆಗಳು ಸುದ್ದಿಗಾರರಿಗೆ ಸಹಾಯ ಮಾಡುತ್ತವೆ, ಬಿದ್ದ ಮನೆಯನ್ನು ಕಟ್ಟಿಕೊಡುವುದಿಲ್ಲ. ಅಮಿಲಾಯ್ಡ್ ಕಸ ತೆಗೆಯುವ ಲೆಕನೆಮ್ಯಾಬ್, ಡೊನನೆಮ್ಯಾಬ್ ಎಂಬ ಹೊಸ ಔಷಧಿಗಳಿಗೆ 2023 ಮತ್ತು 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿದೆ. ಅವೂ ಕಾಯಿಲೆಯನ್ನು ಸ್ವಲ್ಪ ನಿಧಾನಿಸುತ್ತವೆ ಅಷ್ಟೇ, ಬಹಳ ದುಬಾರಿ, ಶುರುವಿನ ಹಂತದವರಿಗೆ ಮಾತ್ರ. ಆದ್ದರಿಂದ ಮರೆವನ್ನು ಪೂರ್ತಿ ವಾಸಿ ಮಾಡುತ್ತೇವೆ ಅಂತ ಯಾರಾದರೂ ಸಾವಿರಾರು ರೂಪಾಯಿ ಪ್ಯಾಕೇಜ್ ಹೇಳಿದರೆ ಸಂಘದಿಂದ ಸಾಲ ಎತ್ತಬೇಡಿ.

ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಲೆವೊಡೋಪಾ ದಿಢೀರನೆ ನಿಲ್ಲಿಸುವುದು ಅಪಾಯ. ಬೇಳೆ, ಮೊಟ್ಟೆ, ಮಾಂಸದ ಊಟದ ಜೊತೆ ತೆಗೆದುಕೊಂಡರೆ ಕೆಲವರಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಊಟಕ್ಕೆ ಎಷ್ಟು ಮುಂಚೆ ಕೊಡಬೇಕು ಅಂತ ವೈದ್ಯರನ್ನು ಕೇಳಿ.

ಹೊಲದ ಔಷಧಿಗೂ ಮೆದುಳಿಗೂ ಸಂಬಂಧ

ಆಲೂಗೆಡ್ಡೆ, ಶುಂಠಿ, ರಾಮನಾಥಪುರದ ಕಡೆ ತಂಬಾಕು ಬೆಳೆಯುವವರು ನಾವು. ಔಷಧಿ ಹೊಡೆಯುವುದು ಗಂಡಸರಾದರೂ ನೀರು ಹೊರುವುದು, ಕಲಸುವುದು, ಆ ಬಟ್ಟೆ ಒಗೆಯುವುದು ನಾವೇ. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳು ಕೊಲ್ಲುವುದು ಹೇಗೆ ಗೊತ್ತೇ? ಓಣಿ ಗುಡಿಸುತ್ತದೆ ಅಂದೆವಲ್ಲ, ಅದೇ ಕಿಣ್ವವನ್ನು ಪೂರ್ತಿ ಕಟ್ಟಿಹಾಕುತ್ತವೆ. ಸುದ್ದಿಗಾರ ಹೋಗದೆ ಬಾಗಿಲು ಬಡಿಯುತ್ತಲೇ ಇರುತ್ತಾನೆ. ಅದಕ್ಕೇ ಔಷಧಿ ಏರಿದವರ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಉಸಿರಾಟಕ್ಕೆ ಕಷ್ಟ. ವೈದ್ಯರು ಮಾತ್ರೆಯಲ್ಲಿ ಅಳತೆಯಿಟ್ಟು ಮಾಡುವ ಕೆಲಸವನ್ನೇ ಇದು ಅಳತೆ ಮೀರಿ ಮಾಡುತ್ತದೆ. ಇನ್ನು ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಹೆಚ್ಚು ಕಂಡಿದೆ ಅಂತ ಹೊರದೇಶದ ರೈತರ ನಡುವೆ ನಡೆದ ಅಧ್ಯಯನಗಳು ಹೇಳಿವೆ. ಕೈಗವಸು ಹಾಕಿ, ಮುಖ ಮುಚ್ಚಿ. ಔಷಧಿ ಹೊಡೆದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿ.

ಕೋಲಾರದ ಹಳ್ಳಿಯವರು ತೋರಿಸಿದ ದಾರಿ

ಇದು ಪಟ್ಟಣದ ಶ್ರೀಮಂತರ ಕಾಯಿಲೆ ಅಂತ ತಿಳಿಯಬೇಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಇದು ಹೆಚ್ಚು. ಇದು ನಮ್ಮ ಕಥೆಯೇ ಅಲ್ಲವೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು ಅವರ ರಕ್ತ, ನೆನಪು, ಆರೋಗ್ಯವನ್ನು ವರ್ಷಾನುಗಟ್ಟಲೆ ನೋಡುತ್ತಾ ಹೋಗುವುದು ಅದರ ಗುರಿ. ಕಾಯಿಲೆ ಬಂದ ಮೇಲೆ ನೋಡುವುದಲ್ಲ, ಬರುವ ಮುಂಚೆಯಿಂದಲೇ ನೋಡುವುದು. ಅಲ್ಲಿ ಪರೀಕ್ಷೆಗೆ ಕೂತವರು ನಮ್ಮ ನಿಮ್ಮಂಥ ಹೊಲದ ಜನ. ಮುಂದೆ ಬರುವ ಔಷಧಿಯಲ್ಲಿ ಅವರ ಪಾಲೂ ಇರುತ್ತದೆ.

2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಇಂಥ ಕಾಯಿಲೆಗಳನ್ನು ಗುರುತಿಸುವಂತೆ ತರಬೇತಿ ಕೊಡುವುದು ಅದರ ಉದ್ದೇಶ. ಆದ್ದರಿಂದ ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್.

ಯಾವಾಗ ತೋರಿಸಬೇಕು?

ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸಿನ ಮರೆವು. ಕನ್ನಡಕ ಯಾತಕ್ಕೆ ಅನ್ನೋದೇ ಮರೆತರೆ ಅದು ಕಾಯಿಲೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಗೊತ್ತಿರುವ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, ದಿನಾ ಮಾಡುವ ಸಾರಿಗೆ ಉಪ್ಪು ಎರಡು ಸಲ ಹಾಕುವುದು, ಕಳ್ಳತನವಾಯಿತು ಅಂತ ಮನೆಯವರ ಮೇಲೆ ಅನುಮಾನ ಪಡುವುದು, ಇವು ಕಂಡರೆ ತಡಮಾಡಬೇಡಿ.

ಯಾಕೆ ಬೇಗ ಹೋಗಬೇಕು ಅಂದರೆ, ಎಲ್ಲ ಮರೆವೂ ಆಲ್‌ಝೈಮರ್ ಅಲ್ಲ. ಬಿ-12 ವಿಟಮಿನ್ ಕೊರತೆ, ಥೈರಾಯಿಡ್ ಕಡಿಮೆಯಾಗುವುದು, ಮನಸ್ಸಿನ ಖಿನ್ನತೆ, ತಲೆಗೆ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿರುವುದು, ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸುತ್ತದೆ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ ಸೋಂಕು ಅಥವಾ ಪಾರ್ಶ್ವವಾಯು ಇರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬರದಂತೆ ತಡೆಯಬಹುದೇ? ಪೂರ್ತಿ ಆಗದು. ಆದರೆ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ 14 ಕಾರಣಗಳನ್ನು ಪಟ್ಟಿ ಮಾಡಿ, ಅವುಗಳನ್ನು ಸರಿಪಡಿಸಿದರೆ ಸುಮಾರು ಶೇಕಡಾ 45ರಷ್ಟು ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಹೊಗೆ, ಓದಿಲ್ಲದಿರುವುದು, ಒಂಟಿತನ ಇವೆಲ್ಲ ಅದರಲ್ಲಿವೆ. ಅಂದರೆ ಹೆಣ್ಣುಮಗುವನ್ನು ಶಾಲೆಗೆ ಕಳಿಸುವುದೂ ಮೆದುಳಿನ ರಕ್ಷಣೆಯೇ. ವಾರಕ್ಕೊಮ್ಮೆ ಸಂಘಕ್ಕೆ ಬಂದು ನಾಲ್ಕು ಜನರ ಜೊತೆ ಮಾತಾಡುವುದೂ ಅಷ್ಟೇ.

ನೋಡಿಕೊಳ್ಳುವವಳ ಕಷ್ಟ

ಮರೆವು ಬಂದವರನ್ನು ನೋಡಿಕೊಳ್ಳುವವರು ಯಾರು? ಸೊಸೆ, ಮಗಳು, ಹೆಂಡತಿ. ರಾತ್ರಿ ನಿದ್ದೆಯಿಲ್ಲ, ಹಗಲು ಕೂಲಿಯಿಲ್ಲ, ಮೇಲೆ "ಅತ್ತೆಗೆ ಊಟ ಹಾಕಲ್ವಂತೆ" ಅನ್ನೋ ಮಾತು ಬೇರೆ. ಊಟ ಮಾಡಿದ್ದು ಅತ್ತೆಗೆ ಮರೆತಿರುತ್ತದೆ! ಅವರ ಜೊತೆ ವಾದ ಮಾಡಿ ಗೆಲ್ಲಲಾಗದು. "ಆಗ್ಲೇ ಹೇಳಿದ್ನಲ್ಲ" ಅನ್ನುವ ಬದಲು ಇನ್ನೊಂದು ಸಲ ಹೇಳಿ. ದಿನಚರಿ ಒಂದೇ ಥರ ಇರಲಿ. ಜೇಬಿನಲ್ಲಿ ಮನೆಯ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಇರಲಿ. ಬಾವಿ, ಒಲೆ, ಔಷಧಿ ಡಬ್ಬಿಯ ಮೇಲೆ ಕಣ್ಣಿರಲಿ. ಅಜ್ಜಿಗೆ ಬರುವ ಕೆಲಸ ಕೊಡಿ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು ಕೈಗೆ ಇನ್ನೂ ನೆನಪಿರುತ್ತದೆ.

ಮನಸ್ಸಿಗೆ ಸಾಕಾಗಿಹೋದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567. ಪಾರ್ಕಿನ್ಸನ್ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿದೆ. ವೈದ್ಯಕೀಯ ಪರೀಕ್ಷೆ ಮಾಡಿಸಿ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು.

ಕೊನೆಯ ಮಾತು

ಆ ಅಜ್ಜಿಯನ್ನು ಅವರ ಸೊಸೆ ಮತ್ತು ಸಂಘದ ಇಬ್ಬರು ಸೇರಿ ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಆಲ್‌ಝೈಮರ್ ಅಂತ ತಿಳಿಯಿತು. ಮಾತ್ರೆ ನಡೆದಿದೆ. ವಾಸಿಯಾಗಿಲ್ಲ, ಆಗುವುದೂ ಇಲ್ಲ. ಸಂಘದವರು ಸಭೆ ಸೇರಿ ಹಳೆಯ ನಿರ್ಣಯ ರದ್ದು ಮಾಡಿ ಹತ್ತು ರೂಪಾಯಿಯನ್ನು ಅವರ ಕೈಗೆ ವಾಪಸ್ ಕೊಟ್ಟರು. ಅವರ ಉಳಿತಾಯವನ್ನು ಈಗ ಸೊಸೆ ಕಟ್ಟುತ್ತಾರೆ, ಇಬ್ಬರು ಸಾಕ್ಷಿ ಸಹಿ ಹಾಕುತ್ತಾರೆ. ವಾರಕ್ಕೆ ಎರಡು ಮಧ್ಯಾಹ್ನ ಸಂಘದ ಒಬ್ಬರು ಸರದಿಯಂತೆ ಅಜ್ಜಿಯ ಜೊತೆ ಕೂರುತ್ತಾರೆ. ಸೊಸೆ ಆಗ ಹೊಲಕ್ಕೋ ಸಂತೆಗೋ ಹೋಗಿಬರುತ್ತಾರೆ. ದಂಡ ಹಾಕಿದ್ದೂ ಅಜ್ಜಿಗೆ ನೆನಪಿಲ್ಲ, ವಾಪಸ್ ಕೊಟ್ಟದ್ದೂ ನೆನಪಿಲ್ಲ. ಆದರೆ ಸಭೆಗೆ ಬಂದಾಗ ಪಕ್ಕದವರ ಕೈ ಹಿಡಿದುಕೊಂಡೇ ಕೂರುತ್ತಾರೆ.

ಮೆದುಳಿನ ಒಳಗೆ ಸುದ್ದಿ ಮುಟ್ಟದಿದ್ದಾಗ ಹೊರಗಿನಿಂದ ಮುಟ್ಟಿಸುವ ಕೆಲಸ ನಮ್ಮದು. ಅದನ್ನು ಒಬ್ಬಳೇ ಸೊಸೆಯ ತಲೆಗೆ ಕಟ್ಟದೆ ಸಂಘ ಹಂಚಿಕೊಳ್ಳಲಿ.



ಸಂಘದ ಸಭೆಯಲ್ಲಿ ಚರ್ಚಿಸಲು:
1. ನಮ್ಮ ಸಂಘದ ಮನೆಗಳಲ್ಲಿ ಮರೆವು ಅಥವಾ ನಡುಕ ಇರುವ ಹಿರಿಯರು ಎಷ್ಟು ಜನ? ಅವರನ್ನು ವೈದ್ಯರಿಗೆ ತೋರಿಸಿದ್ದೇವೆಯೇ?
2. ಅವರನ್ನು ನೋಡಿಕೊಳ್ಳುವವರಿಗೆ ವಾರದಲ್ಲಿ ಎರಡು ಗಂಟೆ ಬಿಡುವು ಕೊಡಲು ಯಾರು ಯಾರು ಸರದಿ ಹಾಕಿಕೊಳ್ಳುತ್ತೀರಿ?
3. ನಲವತ್ತು ದಾಟಿದ ಎಲ್ಲ ಸದಸ್ಯೆಯರೂ ಈ ತಿಂಗಳು ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲು ಯಾವ ದಿನ ಒಟ್ಟಿಗೆ ಹೋಗೋಣ?
4. ಹಣ ಕಟ್ಟಿದ್ದು ಮರೆತ ಸದಸ್ಯೆಗೆ ದಂಡ ಹಾಕುವ ಮುಂಚೆ ನಾವು ಏನನ್ನು ವಿಚಾರಿಸಬೇಕು?